ನಾಲ್ಕೇ ತಂತಿಯಲ್ಲಿ ಜಾಝ್ ಕಾರ್ಡ್ ಪೂರ್ತಿ ಬರುತ್ತಾ?

ಪ್ರಶ್ನೆ: ಗಿಟಾರ್‌ನಂಥ ಪುಟ್ಟ ವಾದ್ಯ ಉಕುಲೆಲೆಯಲ್ಲಿ ಇರೋದೇ ನಾಲ್ಕು ತಂತಿ. ಜಾಝ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಲಿಯೋಕೆ ಗಿಟಾರ್ ತಗೊಳ್ಳಲೇಬೇಕಾ?

ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಸಿ ಕಾರ್ಡ್ ನಿಮಗೆ ಗೊತ್ತೇ ಇದೆ: ಎ ತಂತಿಯ ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ) ಒಂದು ಬೆರಳು. ಅದನ್ನು ಎರಡನೇ ಫ್ರೆಟ್‌ಗೆ ತನ್ನಿ. ಸಿ ಮೇಜರ್ ಸೆವೆನ್ ಬಂತು! ಇನ್ನೊಂದು ಫ್ರೆಟ್ ಹಿಂದೆ ಬಂದರೆ ಸಿ ಸೆವೆನ್. ಮೂರನ್ನೂ ಒಂದರ ಹಿಂದೆ ಒಂದು ನುಡಿಸಿ ಕೇಳಿ. ಮೊದಲನೆಯದು ಗಟ್ಟಿಯಾಗಿ ನಿಲ್ಲುತ್ತದೆ, ಎರಡನೆಯದು ತೇಲುತ್ತದೆ, ಮೂರನೆಯದು ಎಫ್ ಕಾರ್ಡ್ ಕಡೆಗೆ ಎಳೆಯುತ್ತದೆ.

ಈಗ ಆ ಹಳೇ ನಂಬಿಕೆಗೆ ಬರೋಣ. ಜಾಝ್ ಕಾರ್ಡ್ ಅಂದರೆ ಐದಾರು ಸ್ವರ, ಒಂದು ಬಿಟ್ಟರೂ ಅದು ಅರ್ಧ ಕಾರ್ಡ್ ಅನ್ನುತ್ತಾರಲ್ಲ, ಅದು ಶುದ್ಧ ತಪ್ಪು. ಕೌಂಟ್ ಬೇಸಿ ಆರ್ಕೆಸ್ಟ್ರಾ ಎಂಬ ಜಾಝ್ ತಂಡದಲ್ಲಿ 1937ರಿಂದ ಸುಮಾರು 50 ವರ್ಷ ರಿದಮ್ ಗಿಟಾರ್ ನುಡಿಸಿದ ಫ್ರೆಡ್ಡಿ ಗ್ರೀನ್ ಅವರ ಕೈಯಲ್ಲಿ ಆರು ತಂತಿ ಇದ್ದವು, ಆದರೂ ಅವರು ಹೆಸರಾದದ್ದು ಎರಡು ಮೂರು ಸ್ವರದಲ್ಲೇ ಕಾರ್ಡ್ ಮುಗಿಸೋದಕ್ಕೆ. ಯಾಕೆ ಗೊತ್ತಾ? ಕಾರ್ಡ್‌ನ ಗುಣ ಹೇಳೋದು, ಕಾರ್ಡ್‌ಗೆ ಹೆಸರು ಕೊಡುವ ಮೂಲ ಸ್ವರವನ್ನೇ ಒಂದು ಅಂತ ಎಣಿಸುತ್ತಾ ಸ್ಕೇಲ್‌ನಲ್ಲಿ (ಸ್ವರಗಳ ಸಾಲಿನಲ್ಲಿ) ಮೇಲೆ ಹೋದರೆ ಸಿಗುವ ಮೂರನೇ ಸ್ವರ ಮತ್ತು ಏಳನೇ ಸ್ವರ. ಮೂಲ ಸ್ವರವನ್ನು ಬೇಸ್ (ತಗ್ಗು ಸ್ವರ ನುಡಿಸುವ ವಾದ್ಯ) ನೋಡಿಕೊಳ್ಳುತ್ತದೆ. ಐದನೆಯದನ್ನು ಬಿಟ್ಟರೆ ಸಾಮಾನ್ಯವಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ.

ನಂಬಿಕೆ ಬರಲಿಲ್ವಾ? ಕೈಯಲ್ಲೇ ನೋಡಿ. ಜಿ ತಂತಿಯಿಂದ ಶುರುಮಾಡಿ ಜಿ, ಸಿ, ಇ, ಎ ತಂತಿಗಳಲ್ಲಿ ಕ್ರಮವಾಗಿ 2-2-1-3ನೇ ಫ್ರೆಟ್ ಹಿಡಿದರೆ ಡಿ ಮೈನರ್ ಸೆವೆನ್. ಕಿರುಬೆರಳನ್ನು ಮಾತ್ರ ಒಂದು ಫ್ರೆಟ್ ಹಿಂದೆ ತಂದು 2-2-1-2 ಮಾಡಿ, ಉಳಿದ ಮೂರು ಬೆರಳು ಕದಲಬಾರದು. ಇದು ಜಿ ನೈನ್. ಇದರಲ್ಲಿ ಇರೋದು ಎ, ಡಿ, ಎಫ್, ಬಿ. ಜಿ ಸ್ವರವೇ ಇಲ್ಲ! ಇದೊಂದನ್ನೇ ನುಡಿಸಿದರೆ ಏನೋ ಗೊಂದಲ ಅನ್ನಿಸಬಹುದು, ಆದರೆ ಹಿಂದೆ ಡಿ ಮೈನರ್ ಸೆವೆನ್, ಮುಂದೆ 0-0-0-2 (0 ಅಂದರೆ ಬೆರಳಿಡದ ತಂತಿ), ಅಂದರೆ ಸಿ ಮೇಜರ್ ಸೆವೆನ್ ಇಟ್ಟು ನುಡಿಸಿದಾಗ ಆ ಇಲ್ಲದ ಜಿ ಕಿವಿಗೆ ತಾನಾಗಿಯೇ ಕೇಳಿಸುತ್ತದೆ. ಜಾಝ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುವ ಕಾರ್ಡ್ ಸಾಲು ಇದೇ, ಇದನ್ನು ನಾಲ್ಕು ತಂತಿಯಲ್ಲಿ ಇಷ್ಟು ಸಲೀಸಾಗಿ ನುಡಿಸಬಹುದು ಅನ್ನೋದು ನನಗಂತೂ ಉಕುಲೆಲೆಯ ಹೆಮ್ಮೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಬೆರಳೇ ಇಡದೆ ಸುಮ್ನೆ ತಂತಿ ಮೀಟಿದರೆ ಅದು ಯಾವ ಕಾರ್ಡ್? ಜಿ, ಸಿ, ಇ, ಎ ಸೇರಿದರೆ ಸಿ ಸಿಕ್ಸ್. ಎ ಮೈನರ್ ಸೆವೆನ್ ಕೂಡ ಅದೇ ನಾಲ್ಕು ಸ್ವರ. ಕೆಳಗೆ ಬೇಸ್ ಯಾವ ಸ್ವರ ಹಿಡಿದಿದೆ ಅನ್ನೋದರ ಮೇಲೆ ಹೆಸರು ಬದಲಾಗುತ್ತದೆ. ಬೇಸ್ ನುಡಿಸೋರು ಜೊತೆಗಿಲ್ಲದಿದ್ದರೆ ನೀವೇ ತಗ್ಗು ದನಿಯಲ್ಲಿ ಸಿ ಸ್ವರ ಹಿಡಿದು ತಂತಿ ಮೀಟಿ, ಆಮೇಲೆ ಎ ಸ್ವರಕ್ಕೆ ಇಳಿದು ಮತ್ತೆ ಮೀಟಿ. ಕೈ ಅಲ್ಲೇ ಇರುತ್ತದೆ, ಕಾರ್ಡ್ ಬದಲಾಗಿರುತ್ತದೆ.