ಸಾಮೂಹಿಕ ಸ್ಮೃತಿ: ಅಮೆರಿಕನ್ನರು ಮರೆತ ತಮ್ಮ ಅಧ್ಯಕ್ಷರು

ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಕೈಗೆ ಒಂದು ಖಾಲಿ ಹಾಳೆ ಕೊಟ್ಟು, ನಿಮ್ಮ ದೇಶದ ಅಧ್ಯಕ್ಷರ ಹೆಸರುಗಳನ್ನು ನೆನಪಿದ್ದಷ್ಟು ಬರೆಯಿರಿ ಎಂದರೆ ಏನಾಗುತ್ತದೆ? ಮನೋವಿಜ್ಞಾನಿ ಹೆನ್ರಿ ರೋಡಿಗರ್ ಮತ್ತು ಅವರ ಸಹೋದ್ಯೋಗಿಗಳು ಈ ಪರೀಕ್ಷೆಯನ್ನು 1974ರಲ್ಲಿ, 1991ರಲ್ಲಿ, ಮತ್ತೆ 2009ರಲ್ಲಿ ಮಾಡಿದರು. ವಿದ್ಯಾರ್ಥಿಗಳ ತಲೆಮಾರು ಬದಲಾದರೂ ಉತ್ತರಗಳ ಆಕಾರ ಬದಲಾಗಲಿಲ್ಲ. ವಾಷಿಂಗ್ಟನ್, ಜೆಫರ್ಸನ್ ಮುಂತಾದ ಮೊದಲಿಗರು ಹೆಚ್ಚಿನವರ ಹಾಳೆಯಲ್ಲಿದ್ದರು. ತೀರಾ ಇತ್ತೀಚಿನವರೂ ಇದ್ದರು. ನಡುವಿನವರದ್ದು ಒಂದು ದೊಡ್ಡ ತಗ್ಗು. ಆ ತಗ್ಗಿನೊಳಗಿಂದ ಎದ್ದು ನಿಂತ ಶಿಖರ ಅಬ್ರಹಾಂ ಲಿಂಕನ್. ಲಿಂಕನ್ನರ ನಂತರ ಬಂದ ಆಂಡ್ರ್ಯೂ ಜಾನ್ಸನ್ ಮತ್ತು ಯುಲಿಸಿಸ್ ಗ್ರಾಂಟ್ ಕೂಡ, ಅಂತರ್ಯುದ್ಧದ ನೆನಪಿನ ಆಸರೆಯಿಂದಲೋ ಏನೋ, ಅಕ್ಕಪಕ್ಕದವರಿಗಿಂತ ಹೆಚ್ಚು ಹಾಳೆಗಳಲ್ಲಿ ಕಾಣಿಸಿಕೊಂಡರು.

ಸಂತೆಗೆ ಹೊರಟವರಿಗೆ ಇಪ್ಪತ್ತು ಸಾಮಾನು ಬಾಯಲ್ಲೇ ಹೇಳಿ ಕಳಿಸಿದರೂ ಹೀಗೆಯೇ. ಮೊದಲು ಹೇಳಿದ್ದು ಮತ್ತು ಕೊನೆಗೆ ಹೇಳಿದ್ದು ಚೀಲಕ್ಕೆ ಬೀಳುತ್ತವೆ, ನಡುವಿನವು ದಾರಿಯಲ್ಲೇ ಮರೆತುಹೋಗುತ್ತವೆ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಈ ವಿದ್ಯಾರ್ಥಿಗಳಲ್ಲಿ ಯಾರೂ ವಾಷಿಂಗ್ಟನ್ನರನ್ನು ಕಂಡವರಲ್ಲ, ಲಿಂಕನ್ನರ ಮಾತು ಕೇಳಿದವರಲ್ಲ. ತಾವು ಕಾಣದೇ ಇದ್ದುದನ್ನು ಅವರೆಲ್ಲ ಒಂದೇ ಬಗೆಯಲ್ಲಿ ನೆನಪಿಟ್ಟುಕೊಂಡಿದ್ದರು, ಒಂದೇ ಬಗೆಯಲ್ಲಿ ಮರೆತೂ ಇದ್ದರು. ಸಮಾಜವೊಂದು ತನ್ನ ಸದಸ್ಯರಿಗೆ ಕೈದಾಟಿಸುವ ಈ ನೆನಪಿಗೆ ಸಾಮೂಹಿಕ ಸ್ಮೃತಿ ಎಂದು ಹೆಸರು.

ಈ ಪರಿಕಲ್ಪನೆಯನ್ನು ಗಟ್ಟಿಯಾಗಿ ಮುಂದಿಟ್ಟವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೊರಿಸ್ ಆಲ್ಬ್‌ವಾಕ್ಸ್, 1925ರಲ್ಲಿ. ನೆನಪು ತಲೆಯೊಳಗಿನ ಖಾಸಗಿ ಸರಕು ಎಂದು ನಾವು ಭಾವಿಸುತ್ತೇವೆ. ಆಲ್ಬ್‌ವಾಕ್ಸ್ ಒಪ್ಪಲಿಲ್ಲ. ಮನೆ, ಧರ್ಮ, ವರ್ಗ, ಹೀಗೆ ನಾವು ಸೇರಿರುವ ಗುಂಪುಗಳು ಒದಗಿಸುವ ಚೌಕಟ್ಟಿನೊಳಗೇ ನಾವು ನೆನೆಯುತ್ತೇವೆ, ಆ ಚೌಕಟ್ಟು ಕಳಚಿದರೆ ನೆನಪೂ ಕಳಚುತ್ತದೆ ಎಂದರು. ಕೊನೆಗೆ ನಾಜಿಗಳು ಅವರನ್ನು ಬಂಧಿಸಿ ಬುಕೆನ್‌ವಾಲ್ಡ್ ಶಿಬಿರಕ್ಕೆ ಕಳಿಸಿದರು. 1945ರಲ್ಲಿ ಅಲ್ಲಿಯೇ ತೀರಿಕೊಂಡರು.

ಕನ್ನಡದಲ್ಲಿ ಸ್ಮೃತಿ ಎಂದ ಕೂಡಲೇ ಹಲವರಿಗೆ ಮನುಸ್ಮೃತಿ, ಯಾಜ್ಞವಲ್ಕ್ಯ ಸ್ಮೃತಿಗಳೇ ಹೊಳೆಯುತ್ತವೆ. ಕೇಳಿದ್ದು ಶ್ರುತಿ, ನೆನಪಿನಲ್ಲಿ ಉಳಿದು ಬಂದದ್ದು ಸ್ಮೃತಿ ಎಂಬ ಹಳೆಯ ವಿಂಗಡಣೆ ಅದು. ಸಾಮೂಹಿಕ ಸ್ಮೃತಿಗೆ ಬದಲಾಗಿ ಸಮುದಾಯದ ನೆನಪು ಎಂದರೂ ನಡೆಯುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ನೆನಪು ಎಂಬ ನಾಮಪದ ನೆನೆ ಎಂಬ ಕ್ರಿಯಾಪದದಿಂದ ಬಂದದ್ದು. ನೆನೆದರೆ ತಾನೇ ನೆನಪು? ಚರಿತ್ರೆಗೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ. ಚರಿತ್ರೆ ಕಡತದಲ್ಲಿ, ಗ್ರಂಥಾಲಯದಲ್ಲಿ ಯಾರೂ ಮುಟ್ಟದೆಯೂ ಬದುಕಿರಬಲ್ಲದು. ಸಮುದಾಯದ ನೆನಪಿಗೆ ಆ ಸೌಲಭ್ಯವಿಲ್ಲ. ಯಾರಾದರೂ ನೆನೆಯುತ್ತಲೇ ಇರಬೇಕು: ನೋಟಿನ ಮೇಲೆ, ಪಾಠದಲ್ಲಿ, ರಜಾದಿನದಲ್ಲಿ, ರಸ್ತೆಯ ಹೆಸರಿನಲ್ಲಿ.

ನೋಟಿನ ವಿಷಯವನ್ನೇ ನೋಡಿ. ರೋಡಿಗರ್ ತಂಡ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಹೆಸರುಗಳನ್ನು ತಾವೇ ತೋರಿಸಿ, ಇವರು ಅಧ್ಯಕ್ಷರಾಗಿದ್ದರೇ ಎಂದು ಕೇಳಿತು. ಖಾಲಿ ಹಾಳೆಯ ಮೇಲೆ ನೆನಪಿಸಿಕೊಂಡು ಬರೆಯುವುದಕ್ಕಿಂತ, ಕಂಡ ಹೆಸರನ್ನು ಗುರುತಿಸುವುದು ಎಷ್ಟೋ ಸುಲಭ. ಜನ ಚೆನ್ನಾಗಿಯೇ ಗುರುತಿಸಿದರು. ಹಾಗಿದ್ದೂ ಸುಮಾರು ಶೇಕಡಾ 71ರಷ್ಟು ಜನ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅಧ್ಯಕ್ಷರಾಗಿದ್ದರು ಎಂದರು. ಹ್ಯಾಮಿಲ್ಟನ್ ಎಂದೂ ಅಧ್ಯಕ್ಷರಾಗಿರಲಿಲ್ಲ. ಅವರು ದೇಶದ ಮೊದಲ ಖಜಾನೆ ಕಾರ್ಯದರ್ಶಿ. ಹತ್ತು ಡಾಲರ್ ನೋಟಿನ ಮೇಲೆ ಇರುವ ಮುಖ ಅವರದ್ದು. ಅತ್ತ, ನಿಜವಾಗಿ ಅಧ್ಯಕ್ಷರಾಗಿದ್ದ ಚೆಸ್ಟರ್ ಆರ್ಥರ್ ಮತ್ತು ಫ್ರಾಂಕ್ಲಿನ್ ಪಿಯರ್ಸ್ ಅವರನ್ನು ಗುರುತಿಸಿದವರು ಶೇಕಡಾ 60ಕ್ಕಿಂತ ಕಡಿಮೆ. ಇದನ್ನು ಜನರ ದಡ್ಡತನ ಎಂದು ತಳ್ಳಿಹಾಕುವುದು ಅನ್ಯಾಯ. ದಿನವೂ ಕಣ್ಣಿಗೆ ಬೀಳುವ ಹೆಸರು, ಅದೇ ಕಾಲದ ದೊಡ್ಡವರ ಸಾಲಿನಲ್ಲೇ ಕೇಳಿಬರುವ ಹೆಸರು, ಅಧ್ಯಕ್ಷರದ್ದೇ ಇರಬೇಕು ಎಂದು ಮನಸ್ಸು ಸಹಜವಾಗಿ ನಂಬುತ್ತದೆ.

ಚೆಸ್ಟರ್ ಆರ್ಥರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 123ನೇ ಸಂಖ್ಯೆಯ ಕಟ್ಟಡವಿದೆ. ಅಲ್ಲಿನ ಭಾರತೀಯರಿಗೆ ಈ ಬೀದಿ ಚಿರಪರಿಚಿತ. ಆ ಪ್ರದೇಶವನ್ನು ಕರ್ರಿ ಹಿಲ್ ಎಂದೇ ಕರೆಯುತ್ತಾರೆ. ಕಟ್ಟಡದಲ್ಲಿರುವುದು ಕಲುಸ್ಟಿಯನ್ಸ್ ಎಂಬ ಹೆಸರಾಂತ ಮಸಾಲೆ ಅಂಗಡಿ. ಬೇಳೆ, ಹುಣಸೆ, ಇಂಗು ಹುಡುಕಿಕೊಂಡು ಹೋಗುವ ಎಷ್ಟೋ ಕನ್ನಡಿಗರು ಆ ಹೊಸ್ತಿಲು ದಾಟಿರಬಹುದು. 1881ರ ಸೆಪ್ಟೆಂಬರ್ 20ರಂದು, ರಾತ್ರಿ ಎರಡು ಗಂಟೆ ಕಳೆದ ಮೇಲೆ, ಆಗ ತಮ್ಮ ಮನೆಯಾಗಿದ್ದ ಇದೇ ಕಟ್ಟಡದ ಪಡಸಾಲೆಯಲ್ಲಿ ಆರ್ಥರ್ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಗುಂಡೇಟು ತಿಂದು ಎರಡೂವರೆ ತಿಂಗಳು ನರಳಿದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಪ್ರಾಣಬಿಟ್ಟ ಸುದ್ದಿ ಆಗಷ್ಟೇ ತಲುಪಿತ್ತು. ಗುಂಡು ಹೊಡೆದ ಚಾರ್ಲ್ಸ್ ಗಿಟೋ ಸರ್ಕಾರಿ ಹುದ್ದೆಗಾಗಿ ಅಲೆದು ಸಿಗದೆ ಕುದಿಯುತ್ತಿದ್ದವನು.

ಆ ಕಾಲದಲ್ಲಿ ಸರ್ಕಾರಿ ನೌಕರಿ ಎಂದರೆ ಗೆದ್ದ ಪಕ್ಷ ತನ್ನವರಿಗೆ ಹಂಚುವ ಪ್ರಸಾದ. ಆರ್ಥರ್ ಕೂಡ ಅದೇ ವ್ಯವಸ್ಥೆಯಲ್ಲಿ ಮೇಲೆ ಬಂದವರು. ನ್ಯೂಯಾರ್ಕ್ ಬಂದರಿನ ಸುಂಕದ ಅಧಿಕಾರಿಯಾಗಿದ್ದ ಅವರನ್ನು ಅಂದಿನ ಅಧ್ಯಕ್ಷ ರುದರ್‌ಫರ್ಡ್ ಹೇಸ್ 1878ರಲ್ಲಿ ಹುದ್ದೆಯಿಂದ ತೆಗೆದಿದ್ದರು. ಅಂಥ ಮನುಷ್ಯ 1883ರಲ್ಲಿ ಪೆಂಡಲ್ಟನ್ ಕಾಯ್ದೆಗೆ ಸಹಿ ಹಾಕಿದರು. ಅರ್ಹತೆ ನೋಡಿ, ಪರೀಕ್ಷೆ ನಡೆಸಿ ನೌಕರಿ ಕೊಡುವ ಪದ್ಧತಿ ಅಮೆರಿಕದ ಒಕ್ಕೂಟ ಸರ್ಕಾರದಲ್ಲಿ ಬೇರೂರಿದ್ದು ಆ ಕಾಯ್ದೆಯಿಂದ. ತನ್ನನ್ನು ಬೆಳೆಸಿದ ಏಣಿಯನ್ನು ತಾನೇ ಕಡಿಯಲು ಕೈಹಾಕಿದ ಈ ವ್ಯಕ್ತಿಯ ಕತೆ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತದೆ. 1886ರಲ್ಲಿ ಅದೇ ಮನೆಯಲ್ಲಿ ಅವರು ತೀರಿಕೊಂಡರು. ಅಲ್ಲೊಂದು ಫಲಕವಿದೆ.

ಕೆಲಸ ದೊಡ್ಡದಾಗಿದ್ದರೆ ಹೆಸರು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಜೇಮ್ಸ್ ಪೋಕ್ 1845ರಿಂದ 1849ರವರೆಗಿನ ಒಂದೇ ಅವಧಿಯಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ವಿಶಾಲ ನೆಲವನ್ನು ದೇಶಕ್ಕೆ ಸೇರಿಸಿದವರು. ಅವರೂ ಆ ತಗ್ಗಿನಲ್ಲೇ ಇದ್ದಾರೆ. ಕೆಲವೊಮ್ಮೆ ನೆನಪು ಉಳಿದರೂ ತಪ್ಪಾದದ್ದೇ ಉಳಿಯುತ್ತದೆ. ಮಿಲರ್ಡ್ ಫಿಲ್‌ಮೋರ್ ಹೆಸರಿನೊಂದಿಗೆ ಬಹಳ ಕಾಲ ಅಂಟಿಕೊಂಡದ್ದು, ಶ್ವೇತಭವನಕ್ಕೆ ಮೊದಲ ಸ್ನಾನದ ತೊಟ್ಟಿ ತಂದವರು ಅವರು ಎಂಬ ಮಾತು. ಅದು ಪತ್ರಕರ್ತ ಎಚ್. ಎಲ್. ಮೆಂಕೆನ್ 1917ರಲ್ಲಿ ಹೆಣೆದ ಕಟ್ಟುಕತೆ. ತಾನು ಕಟ್ಟಿದ್ದು ಎಂದು ಮೆಂಕೆನ್ನರೇ ಆಮೇಲೆ ಒಪ್ಪಿಕೊಂಡರೂ ಅದು ಹರಡುತ್ತಲೇ ಹೋಯಿತು. ಅದೇ ಫಿಲ್‌ಮೋರ್ 1850ರಲ್ಲಿ ಸಹಿ ಹಾಕಿದ ಕಾನೂನಿನ ಬಲದಿಂದ, ತಪ್ಪಿಸಿಕೊಂಡು ಉತ್ತರದ ರಾಜ್ಯಗಳನ್ನು ಸೇರಿದ್ದ ಗುಲಾಮರನ್ನು ಹಿಡಿದು ಮರಳಿ ಮಾಲೀಕರಿಗೆ ಒಪ್ಪಿಸಲಾಗುತ್ತಿತ್ತು. ತೊಟ್ಟಿಯ ಕತೆ ಉಳಿದು ಈ ನೋವಿನ ಸಂಗತಿ ಜನರ ಬಾಯಿಂದ ಜಾರಿದರೆ, ಅಂಥ ಮರೆವನ್ನು ನಿರುಪದ್ರವಿ ಎನ್ನಲು ನನ್ನಿಂದಾಗದು.

ಇತ್ತೀಚಿನವರಿಗೂ ಇದೇ ದಾರಿ ಕಾದಿದೆ. 1974ರಲ್ಲಿ ಹೆಚ್ಚಿನ ವಿದ್ಯಾರ್ಥಿಗಳಿಗೆ ನೆನಪಿದ್ದ ಹ್ಯಾರಿ ಟ್ರೂಮನ್, ಲಿಂಡನ್ ಜಾನ್ಸನ್, ಜೆರಾಲ್ಡ್ ಫೋರ್ಡ್ ಮುಂದಿನ ಪರೀಕ್ಷೆಗಳಲ್ಲಿ ಬೇಗ ಬೇಗ ಜಾರಿದರು. ಕೆನಡಿ ಅಷ್ಟು ಜಾರಲಿಲ್ಲ. 2040ರ ಹೊತ್ತಿಗೆ ನಾಲ್ವರು ವಿದ್ಯಾರ್ಥಿಗಳಲ್ಲಿ ಮೂವರಿಗೆ ಟ್ರೂಮನ್ ಹೆಸರು ಹೊಳೆಯಲಾರದು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹಿರೋಷಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದಾಗ ಅಧ್ಯಕ್ಷರಾಗಿದ್ದವರು ಅವರು.

ಯಾವ ಸಮುದಾಯದ ನೆನಪು ಎಂದು ಕೇಳದೆ ಈ ಪದ ಪೂರ್ತಿ ಅರ್ಥವಾಗುವುದಿಲ್ಲ. ಆರ್ಥರ್ ಅವರನ್ನು ಹುದ್ದೆಯಿಂದ ತೆಗೆದ ರುದರ್‌ಫರ್ಡ್ ಹೇಸ್ ತಮ್ಮ ದೇಶದಲ್ಲಿ ಅಷ್ಟಾಗಿ ನೆನಪಿನಲ್ಲಿ ಉಳಿದವರಲ್ಲ. ಒಹಾಯೊದ ಡೆಲವೇರ್ ಊರಿನಲ್ಲಿ ಅವರು ಹುಟ್ಟಿದ ಮನೆಯಿದ್ದ ಜಾಗದಲ್ಲಿ ಪೆಟ್ರೋಲ್ ಬಂಕ್ ಇದೆ. ಆದರೆ ದಕ್ಷಿಣ ಅಮೆರಿಕದ ಪರಾಗ್ವೆಗೆ ಹೋದರೆ ಅವರ ಹೆಸರಿನ ಊರಿದೆ, ಅವರ ಹೆಸರಿನ ಪ್ರಾಂತವೇ ಇದೆ. ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆಗಳ ಎದುರು 1864ರಿಂದ 1870ರವರೆಗೆ ನಡೆದ ಯುದ್ಧದಲ್ಲಿ ಪರಾಗ್ವೆ ಸೋತು ನೆಲಕಚ್ಚಿತ್ತು. ಚಾಕೊ ಪ್ರದೇಶದ ಒಂದು ಭಾಗ ತನ್ನದೆಂದು ಅರ್ಜೆಂಟೀನಾ ಹಕ್ಕು ಸಾಧಿಸಿದಾಗ, ಎರಡೂ ದೇಶಗಳು ಪಂಚಾಯಿತಿಗೆ ಅಮೆರಿಕದ ಅಧ್ಯಕ್ಷರ ಮೊರೆ ಹೋದವು. 1878ರ ನವೆಂಬರ್ 12ರಂದು ಹೇಸ್ ಆ ನೆಲ ಪರಾಗ್ವೆಗೆ ಸೇರಿದ್ದು ಎಂದು ತೀರ್ಪು ಕೊಟ್ಟರು. ಆ ಪ್ರಾಂತದಲ್ಲಿ ಇಂದಿಗೂ ನವೆಂಬರ್ 12 ರಜೆಯ ದಿನ. ಸ್ಪ್ಯಾನಿಷ್ ಮಾತಿನಲ್ಲಿ ಹಕಾರ ಉಳಿಯುವುದಿಲ್ಲವಾದ್ದರಿಂದ ಊರಿನವರ ಬಾಯಲ್ಲಿ ಹೇಸ್ ಈಗ ಆಯೆಸ್ ಆಗಿದ್ದಾರೆ.