ನೋವು ನಿಂತ ಮೇಲೂ ಬನ್ನಿ

ರೂಟ್ ಕೆನಾಲ್‌ಗೆ, ಅಂದರೆ ಕೆಟ್ಟ ಹಲ್ಲಿನ ಬೇರಿನೊಳಗಿನ ನಾಳಗಳನ್ನು ತೊಳೆದು ತುಂಬುವ ಚಿಕಿತ್ಸೆಗೆ, ಬಂದವರು ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಒಂದೇ: "ನೋವಾಗುತ್ತಾ ಡಾಕ್ಟ್ರೇ?" ಇಂಜೆಕ್ಷನ್ ಚುಚ್ಚುವಾಗ ಸ್ವಲ್ಪ. ಆಮೇಲೆ ಸಾಮಾನ್ಯವಾಗಿ ಇಲ್ಲ. ಕೀವು ತುಂಬಿದ ಹಲ್ಲಾದರೆ ಮರಗಟ್ಟುವುದು ಕಷ್ಟ, ಇನ್ನೊಂದು ಚುಚ್ಚಬೇಕಾಗಬಹುದು. ನನಗೆ ತಲೆನೋವು ತರುವವರು ಹೆದರುವವರಲ್ಲ, ನೋವು ಹೋದ ಮೇಲೆ ನಾಪತ್ತೆಯಾಗುವವರು.

ಮೊದಲ ಸಿಟ್ಟಿಂಗ್‌ನಲ್ಲೇ ಹಲ್ಲಿನೊಳಗಿನ ನರ ತೆಗೆಯುತ್ತೇವೆ. ಬಹಳ ಜನಕ್ಕೆ ಅವತ್ತೇ ರಾತ್ರಿ ನಿದ್ದೆ ಬರುತ್ತದೆ. ಫೋನ್ ಮಾಡಿದರೆ, "ಈಗ ಏನೂ ತೊಂದ್ರೆ ಇಲ್ಲ, ನೋವಾದ್ರೆ ಬರ್ತೀನಿ" ಅಂತಾರೆ. ಅಲ್ಲ ಸ್ವಾಮಿ, ನೋವು ಹೇಳುವ ನರವನ್ನೇ ತೆಗೆದ ಮೇಲೆ ಹಲ್ಲು ನಿಮಗೆ ಹೇಗೆ ಹೇಳಬೇಕು?

ಒಳಗೆ ಕೆಲಸ ಇನ್ನೂ ಅರ್ಧ ಬಾಕಿ. ದವಡೆ ಹಲ್ಲಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ನಾಳಗಳಿರುತ್ತವೆ. ಮೇಲಿನ ದವಡೆ ಹಲ್ಲಾದರೆ ನಾಲ್ಕನೆಯದು ಬಚ್ಚಿಟ್ಟುಕೊಂಡಿರುತ್ತದೆ, ಹುಡುಕೋಕೇ ಹೊತ್ತು ಬೇಕು. ಎಲ್ಲವನ್ನೂ ಫೈಲ್ ಎಂಬ ಸೂಜಿಯಂಥ ಸಣ್ಣ ಅರ ಹಾಕಿ ಕೆರೆದು, ಹೈಪೋಕ್ಲೋರೈಟ್‌ನಲ್ಲಿ ತೊಳೆದು (ಬ್ಲೀಚಿಂಗ್ ಪೌಡರ್ ವಾಸನೆ ಅಂತ ಮುಖ ಸಿಂಡರಿಸುತ್ತೀರಲ್ಲ, ಅದೇ), ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಕಡ್ಡಿಗಳಿಂದ ಬೇರಿನ ತುದಿಯವರೆಗೆ ತುಂಬಬೇಕು. ಅಲ್ಲಿಯವರೆಗೆ ಮೇಲೆ ಇರುವುದು ತಾತ್ಕಾಲಿಕ ಸಿಮೆಂಟ್. ವಾರಗಳು ಕಳೆದಂತೆ ಅದು ಸವೆದು ಅಂಚು ಬಿಡುತ್ತದೆ. ಎಂಜಲು ಇಳಿಯುತ್ತದೆ, ಜೊತೆಗೆ ಬ್ಯಾಕ್ಟೀರಿಯಾ. ನಾಳದೊಳಗೆ ಈಗ ರಕ್ತ ಸಂಚಾರವಿಲ್ಲ. ಹಾಗಾಗಿ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗುವ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದೇ ಇಲ್ಲ. ಬೇರಿನ ತುದಿಯ ಮೂಳೆ ಸದ್ದಿಲ್ಲದೆ ಕರಗುತ್ತದೆ. ಎಕ್ಸ್-ರೇಯಲ್ಲಿ ಕಪ್ಪಗೆ ಕಾಣುತ್ತದೆ, ನಿಮಗೆ ಗೊತ್ತಾಗುವುದು ಮುಖ ಊದಿಕೊಂಡ ದಿನ.

ಇನ್ನು ಕೆಲವರು ಇಷ್ಟೆಲ್ಲ ಮುಗಿಸಿ, ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಒಂದನ್ನು ಹಾಕಿಸದೆ ಬಿಡುತ್ತಾರೆ. ದುಡ್ಡಿಗೋಸ್ಕರ ಹೇಳ್ತಾರೆ ಅನ್ನೋ ಅನುಮಾನ. ಬಾಯಿಯ ಮುಂಭಾಗದ ಹಲ್ಲಿಗೆ ಎಷ್ಟೋ ಸಲ ಕ್ಯಾಪ್ ಬೇಡ. ಆದರೆ ದವಡೆ ಹಲ್ಲನ್ನು ಅರ್ಧ ಹುಳುಕು ತಿಂದಿರುತ್ತದೆ, ನರಕ್ಕೆ ದಾರಿ ಮಾಡಲು ನಾವೂ ಒಂದಿಷ್ಟು ಕೊರೆದಿರುತ್ತೇವೆ. ಉಳಿದದ್ದು ತೆಳ್ಳಗಿನ ಗೋಡೆ. ನಮ್ಮ ಮೇಷ್ಟ್ರೊಬ್ಬರು "ಮುಂದಿನ ತಿಂಗಳು" ಅಂತ ತಳ್ಳುತ್ತಲೇ ಬಂದರು. ಗೌರಿ ಹಬ್ಬದ ಕೋಡುಬಳೆ ಕಡಿದಾಗ ಹಲ್ಲು ಬೇರಿನ ತನಕ ಸೀಳಿತು. ಮುರಿದ ಚೂರನ್ನು ಪೇಪರ್‌ನಲ್ಲಿ ಸುತ್ತಿ ತಂದು, "ಇದನ್ನ ಅಂಟಿಸೋಕಾಗುತ್ತಾ?" ಅಂದರು. ಒಳ್ಳೆಯ ಮನುಷ್ಯ, ಬೈಯೋಕೂ ಮನಸ್ಸು ಬರಲಿಲ್ಲ. ಹಲ್ಲು ಕೀಳಬೇಕಾಯಿತು. ಆ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸುವ ಖರ್ಚು ಕೇಳಿ ಅವರೇ ಸುಮ್ಮನಾದರು.

ಒಂದೇ ದಿನ ಮುಗಿಯುವ ಹಲ್ಲುಗಳೂ ಇವೆ. ಅದು ಸೋಂಕು ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ, ನೋಡದೆ ಹೇಳಲಾಗದು. ಮುಗಿದ ಮೇಲೆ ಎರಡು ಮೂರು ದಿನ ಅಗಿಯುವಾಗ ಮಿಡಿದರೆ ಗಾಬರಿ ಬೇಡ. ಊತ, ಜ್ವರ ಬಂದರೆ ಮಾತ್ರ ತಡಮಾಡದೆ ಬನ್ನಿ. ಮಧ್ಯೆ ಮದುವೆ, ಜಾತ್ರೆ, ದೂರದ ಪ್ರಯಾಣ ಇದ್ದರೆ ಮೊದಲೇ ಹೇಳಿ. ಒಳಗೆ ಔಷಧಿ ಇಟ್ಟು, ಇನ್ನೂ ಗಟ್ಟಿ ಸಿಮೆಂಟ್ ಹಾಕಿ ಕಳಿಸುತ್ತೇವೆ.