ರಣಹದ್ದುಗಳು ಯಾಕೆ ಸತ್ತವು: ‘ನಮ್ಮ ಪರಿಸರ’ ಪಾಠಕ್ಕೆ ಒಂದು ಟಿಪ್ಪಣಿ

ಆಹಾರ ಸರಪಳಿಯ ಚಿತ್ರ ನಮಗೆಲ್ಲ ಬಾಯಿಪಾಠ. ಹುಲ್ಲು, ಜಿಂಕೆ, ಹುಲಿ, ನಡುವೆ ಬಾಣಗಳು. ಹುಲ್ಲಿನಲ್ಲಿ 1000 ಜೂಲ್ ಶಕ್ತಿ ಇದ್ದರೆ ಜಿಂಕೆಗೆ 100, ಹುಲಿಗೆ 10. ಶೇ. 10ರ ನಿಯಮ ಅಂದರೆ ಇಷ್ಟೇ. ಆದರೆ ಈ ಚಿತ್ರ ಯಾರು ಯಾರನ್ನು ತಿನ್ನುತ್ತಾರೆ ಅಂತ ಮಾತ್ರ ಹೇಳುತ್ತದೆ. ಎಷ್ಟು ಸಲ ತಿನ್ನುತ್ತಾರೆ, ಎಷ್ಟು ನಿಧಾನವಾಗಿ ಮರಿ ಮಾಡುತ್ತಾರೆ ಅನ್ನೋದು ಅದರಲ್ಲಿ ಕಾಣುವುದಿಲ್ಲ. ರಣಹದ್ದಿನ ವಿಷಯ ಓದಿದ ಮೇಲೆ, ಪಾಠದ ತಿರುಳು ಇರುವುದೇ ಅಲ್ಲಿ ಅಂತ ನನಗೆ ಬಲವಾಗಿ ಅನ್ನಿಸಿದೆ.

ಮೊದಲು ಒಂದು ಸಣ್ಣ ವಿಷಯ. ರಣಹದ್ದು ವಿಘಟಕ ಅಲ್ಲ. ಸತ್ತದ್ದನ್ನು ಕೊಳೆಯಿಸಿ ಮಣ್ಣಿಗೆ ಸೇರಿಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ವಿಘಟಕಗಳು. ರಣಹದ್ದು ಸತ್ತ ಪ್ರಾಣಿಯನ್ನು ತಿನ್ನುವ ಭಕ್ಷಕ. ಅದರ ಹೊಟ್ಟೆಯ ಆಮ್ಲ ತುಂಬಾ ಪ್ರಬಲ, ಕೊಳೆತ ಮಾಂಸದಲ್ಲಿರುವ ಎಷ್ಟೋ ರೋಗಾಣುಗಳು ಅಲ್ಲೇ ಸಾಯುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಭಾರತದಲ್ಲಿ ಒಂದು ಕಾಲಕ್ಕೆ ಲಕ್ಷಗಟ್ಟಲೆ ಇದ್ದ ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರ ಒಳಗೆ ಶೇ. 99.9ರಷ್ಟು ಕಡಿಮೆಯಾಯಿತು. ಮೊದಲು ಏನೋ ಸೋಂಕು ರೋಗ ಇರಬೇಕು ಅಂದುಕೊಂಡಿದ್ದರು. ನಿಜವಾದ ಕಾರಣ ಗೊತ್ತಾಗಿದ್ದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ, ಅದು 2004ರಲ್ಲಿ ಪ್ರಕಟವಾಯಿತು. ಕಾರಣ ಡೈಕ್ಲೋಫೆನಾಕ್. ದನಗಳಿಗೆ ನೋವು, ಬಾವು ಇಳಿಯಲಿ ಅಂತ ಕೊಡುತ್ತಿದ್ದ ಅಗ್ಗದ ಔಷಧಿ ಅದು. ಚುಚ್ಚುಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಔಷಧಿ ಮಾಂಸದಲ್ಲೇ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ವಿಸರ್ಜನೆಯ ಪಾಠ ನೆನಪಿದೆ ಅಲ್ವಾ? ಹಕ್ಕಿಗಳು ಸಾರಜನಕದ ತ್ಯಾಜ್ಯವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ಮೂತ್ರಪಿಂಡ ನಿಂತರೆ ಅದು ಒಳಗೇ ಉಳಿದು, ಹೃದಯ, ಯಕೃತ್ತಿನ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ಕೆಲವು ದಿನಗಳಲ್ಲಿ ಹಕ್ಕಿ ಸಾಯುತ್ತದೆ.

ಇದನ್ನು ಜೈವಿಕ ಸಂವರ್ಧನೆ ಅಂತ ಉತ್ತರ ಬರೆಯಬೇಡಿ. ಡಿಡಿಟಿ ಎಂಬ ಕೀಟನಾಶಕ ಕೊಬ್ಬಿನಲ್ಲಿ ಸೇರಿಕೊಂಡು, ಒಂದು ಪೋಷಣಾ ಸ್ತರದಿಂದ (ಆಹಾರ ಸರಪಳಿಯ ಹಂತದಿಂದ) ಇನ್ನೊಂದಕ್ಕೆ ಹೋದ ಹಾಗೆ ಜಾಸ್ತಿಯಾಗುತ್ತದೆ. ಡೈಕ್ಲೋಫೆನಾಕ್ ಹಾಗಲ್ಲ. ದನ ಬದುಕಿದರೆ ಕೆಲವು ದಿನಗಳಲ್ಲಿ ಅದರ ಮೈಯಿಂದ ಹೋಗಿಬಿಡುತ್ತದೆ. ಇಲ್ಲಿ ಒಂದೇ ಊಟ ಸಾಕು.

ಹಾಗಾದರೆ ಎಷ್ಟು ಹೆಣಗಳಲ್ಲಿ ವಿಷ ಇತ್ತು? ನೂರಕ್ಕೆ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಇದ್ದರೂ ಇಷ್ಟು ದೊಡ್ಡ ಕುಸಿತ ಆಗಬಹುದು ಅಂತ ವಿಜ್ಞಾನಿಗಳ ಲೆಕ್ಕ ತೋರಿಸಿತು. ನಂಬಲು ಕಷ್ಟ. ಅದಕ್ಕೇ ನಾನೂ ಒಂದು ಸುಲಭದ ಲೆಕ್ಕ ಹಾಕಿ ನೋಡಿದೆ. ರಣಹದ್ದು ಮೂರು ದಿನಕ್ಕೊಮ್ಮೆ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ ಸುಮಾರು 120 ಊಟ. 200 ಹೆಣಗಳಲ್ಲಿ ಒಂದರಲ್ಲಿ ವಿಷ, ಅದನ್ನು ತಿಂದ ಹಕ್ಕಿ ಸಾಯುತ್ತದೆ ಅಂತಲೂ ಇಟ್ಟುಕೊಳ್ಳಿ. ಒಂದು ಊಟದಲ್ಲಿ ಬದುಕುಳಿಯುವ ಸಂಭವ 0.995. ಇದನ್ನು 120 ಸಲ ಗುಣಿಸಿದರೆ ಸುಮಾರು 0.55 ಬರುತ್ತದೆ. ಅಂದರೆ ನೂರು ಹಕ್ಕಿಗಳಲ್ಲಿ 45 ಒಂದೇ ವರ್ಷದಲ್ಲಿ ಇಲ್ಲ! ಇತ್ತ ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ಮರಿ ದೊಡ್ಡದಾಗಿ ತಾನು ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಹೋದಷ್ಟು ಹಕ್ಕಿ ತುಂಬಿ ಬರುವುದು ಎಲ್ಲಿಂದ? ಸಂಭವನೀಯತೆಯ ಪಾಠ ಕಾಡಿನ ಹಕ್ಕಿಗೂ ಬೇಕಾಗುತ್ತದೆ ಅಂತ ಈ ಲೆಕ್ಕ ಮಾಡಿದಾಗಲೇ ನನಗೆ ಹೊಳೆದಿದ್ದು. ಪುಸ್ತಕ ಮುಚ್ಚಿಟ್ಟು ನೀವೂ ಒಮ್ಮೆ ಮಾಡಿ ನೋಡಿ. 200ರ ಬದಲು 500 ಹಾಕಿದರೂ ವರ್ಷಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಹಕ್ಕಿ ಹೋಗುತ್ತವೆ.

ಹದ್ದುಗಳು ಹೋದ ಮೇಲೆ ಊರಾಚೆ ಎಸೆದ ಹೆಣಗಳು ಕೊಳೆಯುತ್ತಾ ಉಳಿದವು. ಅವನ್ನು ತಿಂದು ಬೀದಿನಾಯಿಗಳು ಹೆಚ್ಚಿದವು, ನಾಯಿ ಹೆಚ್ಚಿದಾಗ ರೇಬಿಸ್ ಭಯವೂ ಹೆಚ್ಚಿತು. 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಜನರ ಹೆಚ್ಚುವರಿ ಸಾವಿಗೆ ರಣಹದ್ದುಗಳ ಕುಸಿತವೇ ಕಾರಣ ಅಂತ 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಈ ಸಂಖ್ಯೆ ಓದಿದಾಗ ನನಗೆ ತುಂಬಾ ಹೊತ್ತು ಬೇರೇನೂ ಓದಲು ಆಗಲಿಲ್ಲ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಆಮೇಲೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುತ್ತಿದ್ದರು. ಹಾಗಾಗಿ 2015ರಲ್ಲಿ ಸೀಸೆಯ ಅಳತೆಯನ್ನೇ 3 ಮಿಲಿಲೀಟರ್‌ಗೆ ಇಳಿಸಿದರು. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ನೋವಿನ ಔಷಧಿಗಳು ಕೂಡ ರಣಹದ್ದಿಗೆ ವಿಷವೇ, ದನಗಳಿಗೆ ಅವನ್ನು ಕೊಡುವುದಕ್ಕೆ ತಡೆ ಬಂದಿದ್ದು 2023ರಲ್ಲಿ.

ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಘೋಷಿಸಿದರು. ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದಿಗೆ ಆ ಬೆಟ್ಟ ಹೇಳಿಮಾಡಿಸಿದ ಜಾಗ. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಗೂಡನ್ನು ಬೇಲಿ ಕಾಯಬಹುದು, ಆದರೆ ಈ ಹಕ್ಕಿ ಆಹಾರ ಹುಡುಕಿ ಹತ್ತಾರು ಕಿಲೋಮೀಟರ್ ಹಾರುತ್ತದೆ. ಅದು ತಿನ್ನುವ ದನ ಧಾಮದ ಆಚೆಯ ಯಾವುದೋ ಹಳ್ಳಿಯದು. ಹಾಗಾಗಿ ಮನೆಯಲ್ಲಿ ದನ ಸಾಕುವವರು ಈ ಟಿಪ್ಪಣಿ ಓದುತ್ತಿದ್ದರೆ ಮೆಲಾಕ್ಸಿಕಾಮ್ ಎಂಬ ಹೆಸರು ಬರೆದಿಟ್ಟುಕೊಳ್ಳಿ. ಅದೂ ನೋವಿನ ಔಷಧಿಯೇ, ರಣಹದ್ದಿಗೆ ತೊಂದರೆ ಇಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಮುಂದಿನ ಸಲ ಪಶುವೈದ್ಯರು ಬಂದಾಗ ಅದನ್ನು ಕೊಡಲು ಆಗುತ್ತದಾ ಅಂತ ಅಪ್ಪನ ಹತ್ತಿರ ಕೇಳಿಸಿ.